ದೋಣಿಗೆ ‘ಸಾಕು’ ಎನ್ನುವ ಕೈ

ಹಲಸೂರು ಕೆರೆಯ ದಡದಲ್ಲಿ ಇನ್ನೂ ನಸುಕು. ಮರದ ದಿಮ್ಮಿಗಳ ಮೇಲೆ ಬೋರಲಾಗಿರುವ ನೀಲಿ ಫೈಬರ್ ದೋಣಿಯ ಪಕ್ಕ ಪಿಳ್ಳಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ದೋಣಿಯ ಹೊಟ್ಟೆಯ ಮೇಲೆ ಅಂಗೈ ಎಳೆದು ನೋಡಿಕೊಳ್ಳುತ್ತಾರೆ. ಸೀಮೆಸುಣ್ಣದಂಥ ಪುಡಿ ಹತ್ತಿದೆ. ಬಿಸಿಲು ತಿಂದು ಉಳಿಸಿದ ಬಣ್ಣ ಅದು. ಬಕೆಟ್ಟಿನಲ್ಲಿ ನೆನೆದ ವಾಟರ್ ಪೇಪರ್ ಎಂಬ ಉಪ್ಪುಕಾಗದ ತೆಗೆದು ಉಜ್ಜತೊಡಗುತ್ತಾರೆ. ಆ ಸದ್ದು ಬಿಟ್ಟರೆ ದಡದಲ್ಲಿ ಬೇರೆ ಮಾತಿಲ್ಲ.

ದೊಮ್ಮಲೂರಿನ ಪಿಳ್ಳಪ್ಪ ಹರೆಯದಲ್ಲಿ ಹೊಸ ತಿಪ್ಪಸಂದ್ರದ ಶೆಡ್ಡೊಂದರಲ್ಲಿ ಫೈಬರ್ ತೊಟ್ಟಿ ಮಾಡುತ್ತಿದ್ದವರು. ಶೆಡ್ಡು ಮುಚ್ಚಿದ ಮೇಲೆ ದೋಣಿಗಳ ಕಡೆ ಬಂದರು. “ತೊಟ್ಟಿಗೆ ಹೊಳಪು ಯಾರಿಗ್ ಬೇಕು ಹೇಳಿ? ದೋಣಿ ಮಂಕಾಗಿದ್ರೆ ಮಾತ್ರ ಜನ ಹತ್ತಲ್ಲ. ಮುಳುಗೋಗುತ್ತೆ ಅಂತಾರೆ,” ಎನ್ನುತ್ತಾರೆ.

ಮೊದಲು ಒರಟು ಪೇಪರ್, ಆಮೇಲೆ ನಯವಾದದ್ದು, ನಂತರ ಕಾಂಪೌಂಡ್ ಎಂಬ ಲೇಪ ಹಚ್ಚಿ ಗಿರ್ರನೆ ತಿಕ್ಕುವ ಬಫಿಂಗ್ ಮಷೀನು, ಕೊನೆಗೆ ವ್ಯಾಕ್ಸ್. ಒಂದು ದೋಣಿಗೆ ಮೂರು ಬೆಳಗು ಬೇಕು. ಫೈಬರಿನ ಮೇಲಿರುವ ಬಣ್ಣದ ಪದರ ಉಗುರಿನಷ್ಟೇ ತೆಳು. ಹೊಳಪು ತರುವಾಗಲೆಲ್ಲ ಅದು ಒಂದಿಷ್ಟು ಸವೆಯುತ್ತದೆ. ಮಿತಿ ಮೀರಿ ಉಜ್ಜಿದರೆ ಒಳಗಿನ ಫೈಬರಿನ ನೂಲು ಹೊರಬಂದು ನೀರು ಕುಡಿಯುತ್ತದೆ. ಆಮೇಲೆ ದೋಣಿ ಗುಜರಿಗೆ.

ಎಲ್ಲಿ ನಿಲ್ಲಿಸಬೇಕೆಂದು ಬೆರಳು ಹೇಳಬೇಕು. ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಆದರೆ ಮಷೀನಿನ ನಡುಕ ತಿಂದೂ ತಿಂದೂ ಪಿಳ್ಳಪ್ಪನವರ ಬೆರಳ ತುದಿಗಳು ಜೋಮು ಹಿಡಿದಿವೆ. ಈ ಸಂಗತಿಯನ್ನು ಅವರು ದಡದಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸ ಉಳಿಯುತ್ತದೆಂಬ ಧೈರ್ಯವಿಲ್ಲ.

ಮೂರನೆಯ ಬೆಳಗು, ವ್ಯಾಕ್ಸಿಗೆ ಮೊದಲು ಪಿಳ್ಳಪ್ಪ ಮಂಕುಳಿದ ಕಡೆ ಮತ್ತೆ ಪೇಪರ್ ಎಳೆಯುತ್ತಿದ್ದಾರೆ. ರಸೆಲ್ ಮಾರುಕಟ್ಟೆಯಿಂದ ಬಿಡಿ ಹೂವು ಹೊತ್ತು ಮರಳುವ ಹೆಂಡತಿ ಮಂಜುಳಮ್ಮ ದಾರಿಯಲ್ಲಿ ಇಲ್ಲಿ ಬಸ್ಸಿಳಿಯುತ್ತಾರೆ. ಬುಟ್ಟಿ ಇಳಿಸಿ, ಕೈ ಒರೆಸಿಕೊಂಡು ದೋಣಿಯನ್ನು ಸವರುತ್ತಾ ಬಂದವರು ಮೂತಿಯ ಬಳಿ ನಿಲ್ಲುತ್ತಾರೆ.

“ರೀ, ಇಲ್ಲಿ ಸಾಕು. ನೂಲು ತಾಕ್ತಾ ಇದೆ.”

“ಇನ್ನೂ ಮಂಕಾಗಿದ್ಯಲ್ಲೇ. ಒಂದೇ ಒಂದು ಕೈ ಎಳೀತೀನಿ.”

“ಎಳೀರಿ. ಆಮೇಲೆ ದೋಣೀನ ಮನೆಗೇ ತಗೊಂಡ್ಬನ್ನಿ, ಹೂವು ಹಾಕ್ಕೊಳ್ಳೋಕಾಗುತ್ತೆ.”

ಪಿಳ್ಳಪ್ಪ ಪೇಪರನ್ನು ಬಕೆಟ್ಟಿಗೆ ಹಾಕುತ್ತಾರೆ. ಆ ಜಾಗ ಬಿಟ್ಟು ಉಳಿದ ಕಡೆಗೆಲ್ಲ ವ್ಯಾಕ್ಸ್ ಎಳೆದು ಬಟ್ಟೆಯಿಂದ ತಿಕ್ಕುತ್ತಾರೆ. ಬಿಸಿಲೇರುವ ಹೊತ್ತಿಗೆ ನೀಲಿಯ ಮೈಯಲ್ಲಿ ದಡದ ಮರಗಳು ಕಾಣುತ್ತವೆ. ಮೂತಿಯ ಬಳಿ ಮಾತ್ರ ಅಂಗೈಯಗಲ ಮಂಕು.

ದೋಣಿಗಳ ಉಸ್ತುವಾರಿ ಶ್ರೀನಾಥ್ ಬಂದವರೇ ಅದನ್ನು ಗಮನಿಸುತ್ತಾರೆ. “ಪಿಳ್ಳಪ್ಪನೋರೇ, ಇಲ್ಲಿ ಯಾಕೆ ಬಿಟ್ಟಿದ್ದೀರ? ಫಿನಿಶಿಂಗ್ ಆಗಿಲ್ವಲ್ಲ.”

ನಾಳೆ ಮಾಡುತ್ತೇನೆ ಎಂದುಬಿಡಬಹುದಿತ್ತು. ಪಿಳ್ಳಪ್ಪ ಕೈಯಲ್ಲಿದ್ದ ಬಟ್ಟೆ ಕೆಳಗಿಡುತ್ತಾರೆ.

“ಅಲ್ಲಿ ಇನ್ನೊಂದ್ ಕೈ ಎಳೆಯೋಷ್ಟು ಪದರ ಉಳಿದಿಲ್ಲ ಸಾರ್. ನಂಗೆ ಗೊತ್ತಾಗ್ಲಿಲ್ಲ. ಬೆರಳು ಸತ್ತೋಗಿದೆ. ಇವಳು ಮುಟ್ಟಿ ಹೇಳಿದ್ಲು. ಹೋದ ವರ್ಷದಿಂದ ಇವಳೇ ಹೇಳ್ತಿರೋದು.”

ಶ್ರೀನಾಥ್ ನೀರಿನಲ್ಲಿ ಸಾಲಾಗಿ ಕಟ್ಟಿರುವ, ಹೋದ ವರ್ಷದಿಂದೀಚೆ ಹೊಳಪು ಕಂಡ, ಒಂದೂ ಕೆಡದ ದೋಣಿಗಳನ್ನು ಒಂದೊಂದಾಗಿ ನೋಡುತ್ತಾರೆ. ಮಂಜುಳಮ್ಮ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಮಾಡುತ್ತಾರೆ, ಸರಿಯಾಗಿದ್ದದ್ದನ್ನೇ ಮತ್ತೆ ಮಾಡುತ್ತಾರೆ.

“ಮುಂದಿನ ವಾರ ಇನ್ನೆರಡು ದೋಣಿ ದಡಕ್ಕೆ ಎಳಿಸ್ತೀನಿ,” ಎನ್ನುತ್ತಾರೆ ಶ್ರೀನಾಥ್. “ಇಬ್ರೂ ಬರ್ತೀರಾ?”

ಪಿಳ್ಳಪ್ಪ ಹೆಂಡತಿಯ ಮುಖ ನೋಡುತ್ತಾರೆ. ಆಕೆ ಬುಟ್ಟಿಯನ್ನು ಸೊಂಟಕ್ಕೇರಿಸುತ್ತಾರೆ.

“ಬೆಳಗ್ಗೆ ಬೇಗ ಆದ್ರೆ ಬರ್ತೀನಿ ಸಾರ್. ಆಮೇಲೆ ನನ್ ವ್ಯಾಪಾರ ಇರುತ್ತೆ.”