ಬಸಿಯ ಕಲೆ

ಈಚೆಗೆ ಯಾರ ಮನೆಗೆ ಹೋದರೂ ಚಹಾ ಬರುತ್ತದೆ, ಕಪ್ಪಿನಡಿಯ ಬಸಿ ಬರುವುದಿಲ್ಲ. ಹಿಡಿಯುಳ್ಳ ಗಡಿಗೆಯಂಥ ಕಪ್ಪೊಂದನ್ನು ಅಂಗೈಗೆ ಒಪ್ಪಿಸಿ ಆತಿಥೇಯರು ಕೃತಾರ್ಥರಾಗುತ್ತಾರೆ. ಅತಿಥಿ ಊದುತ್ತ ಕೂರಬೇಕು. ಬಿಸಿಯನ್ನು ಬಸಿದು ಆರಿಸುವುದರಿಂದಲೇ ಅದು ಬಸಿ. ನಾಮಪದ, ಕ್ರಿಯಾಪದಗಳೆರಡನ್ನೂ ಎರಡೇ ಅಕ್ಷರಗಳಲ್ಲಿ ನಿಭಾಯಿಸುವ ಇಂಥ ಪಾತ್ರೆಗೆ ನಿವೃತ್ತಿ ಕೊಡಿಸಿದವರು ಯಾರೋ ತಿಳಿಯದು. ಓದುಗ ಮಿತ್ರರೇ, ಬಸಿಯ ಪರವಾಗಿ ನಾನು ವಾದಿಸುವುದು ಸೋಜಿಗವೇ ಸರಿ. ಏಕೆಂದರೆ ನನ್ನ ಜೀವಮಾನದ ಅತ್ಯಂತ ದೊಡ್ಡ ಅವಮಾನ ನನಗೆ ತಲುಪಿದ್ದು ಬಸಿಯಲ್ಲೇ.

ಅದು ತೊಂಬತ್ತರ ದಶಕದ ಕೊನೆಯ ಒಂದು ಜೂನ್. ಹರಪನಹಳ್ಳಿಯ ಪುಟ್ಟ ಕಲಾ ಕಾಲೇಜೊಂದರಲ್ಲಿ ನಾನು ಇತಿಹಾಸದ ಅಧ್ಯಾಪಕ. ಬಿ.ಎ. ಮೊದಲ ವರ್ಷಕ್ಕೆ ಇಪ್ಪತ್ತು ಮಂದಿ ಸೇರದಿದ್ದರೆ ಇತಿಹಾಸ ವಿಭಾಗಕ್ಕೆ ಬೀಗ ಎಂದು ಆಡಳಿತ ಮಂಡಳಿ ಠರಾವು ಮಾಡಿತ್ತು. ನನ್ನ ಕೈಯಲ್ಲಿದ್ದವು ಹದಿಮೂರು ಅರ್ಜಿಗಳು. ರಾಜ್ಯಗಳ ಪತನವನ್ನು ಇಪ್ಪತ್ತೆರಡು ವರ್ಷ ನಿರ್ವಿಕಾರವಾಗಿ ಬೋಧಿಸಿದವನಿಗೆ ಸ್ವಂತ ರಾಜ್ಯದ ಪತನ ಸಹ್ಯವಾಗಲಿಲ್ಲ. ಖಾಲಿ ಅರ್ಜಿಗಳ ಕಟ್ಟು ಹಿಡಿದು, ಬಸ್ಸು ಸಿಕ್ಕಲ್ಲಿ ಬಸ್ಸು, ಸಿಗದಲ್ಲಿ ಕಾಲು ಎಂದು ಊರೂರು ಅಲೆಯುವ ದಿಗ್ವಿಜಯಕ್ಕೆ ಹೊರಟೆ.

ಚಿಗಟೇರಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ ಕೊಟ್ರಪ್ಪನವರ ಕಿರಿಯ ಮಗ ಪಿಯುಸಿ ಪಾಸಾಗಿದ್ದ. ನಾನು ಹೊಸ್ತಿಲು ದಾಟುವಷ್ಟರಲ್ಲಿ ದಾವಣಗೆರೆಯ ವಿಜ್ಞಾನ ಕಾಲೇಜೊಂದರ ಅಧ್ಯಾಪಕರು, ಆ ಬಿಸಿಲಿನಲ್ಲೂ ಟೈ ಕಟ್ಟಿಕೊಂಡು, ಅದೇ ಹುಡುಗನಿಗಾಗಿ ಆಸೀನರಾಗಿದ್ದರು. ಹಿರಿಯ ಸೊಸೆ ನೀಲಮ್ಮ ಚಹಾ ತಂದಳು. ನಮ್ಮ ಕಡೆ ಒಂದೇ ಚಹಾದಲ್ಲಿ ಇಬ್ಬರನ್ನು ಸತ್ಕರಿಸುವ ಪದ್ಧತಿಯುಂಟು: ಒಬ್ಬರಿಗೆ ಕಪ್ಪು, ಇನ್ನೊಬ್ಬರಿಗೆ ಬಸಿ. ಕೊಟ್ರಪ್ಪನವರು ಕ್ಷಣವೂ ಯೋಚಿಸದೆ ಆಜ್ಞಾಪಿಸಿದರು:

“ಅವ್ರಿಗೆ ಕಪ್ಪು ಕೊಡವ್ವಾ. ಮೇಷ್ಟ್ರಿಗೆ ಬಸಿ ನಡೀತೈತಿ.”

ಟೈ ಕಟ್ಟಿದವರಿಗೆ ಕಪ್ಪು, ಅಂದರೆ ಕಪ್ಪಕಾಣಿಕೆ. ನನಗೆ ಮುಖ ಕಪ್ಪಾಗುವಷ್ಟು ಬಸಿ! ಸಾಲದೆಂಬಂತೆ ಅವರು ಮುಂದುವರಿಸಿದರು: “ಚರಿತ್ರೆ ಓದಿ ಏನ್ ಮಾಡಾದೈತ್ರಿ? ಸತ್ತ ರಾಜರು ಎದ್ದು ಬಂದು ನೌಕರಿ ಕೊಡ್ತಾರೇನು?” ಟೈ ನಕ್ಕಿತು. ಹುಡುಗನೂ ನಕ್ಕ. ನಗದೆ ಬಾಗಿಲಲ್ಲಿ ನಿಂತಿದ್ದವಳು ನೀಲಮ್ಮ ಒಬ್ಬಳೇ. ಮದುವೆಯ ಕಾರಣದಿಂದ ಪಿಯುಸಿಗೇ ಓದು ನಿಲ್ಲಿಸಿದವಳೆಂದು ಆಮೇಲೆ ತಿಳಿಯಿತು. ಹುಡುಗ ದಾವಣಗೆರೆಯನ್ನು ಆರಿಸಿಕೊಂಡ. ನಾನು ಬಸಿಯನ್ನು ಖಾಲಿ ಮಾಡಿ, ಗಾಳಿಗೆ ಹಾರದಿರಲೆಂದು ಅದರಡಿ ಒಂದು ಅರ್ಜಿ ಇಟ್ಟು, ಎದ್ದು ಬಂದೆ. ಅರ್ಜಿ ಇಟ್ಟದ್ದು ಆಶೆಯಿಂದಲ್ಲ, ಸಿಟ್ಟಿನಿಂದ.

ಪ್ರವೇಶದ ಕೊನೆಯ ದಿನ ಬಂತು. ಅರ್ಜಿಗಳು ಹತ್ತೊಂಬತ್ತು. ಸಂಜೆ ಐದಕ್ಕೆ ನೋಂದಣಿ ಮುಕ್ತಾಯ. ನಾಲ್ಕೂವರೆಗೆ ಅಟೆಂಡರ್ ಹುಲುಗಪ್ಪ ಕಿಟಕಿಗಳನ್ನು ಮುಚ್ಚತೊಡಗಿದ್ದ. ಆಗ ಕೊಟ್ರಪ್ಪನವರು ಬೆವರೊರೆಸಿಕೊಳ್ಳುತ್ತ ಒಳಬಂದರು. ಹಿಂದೆ ನೀಲಮ್ಮ.

“ಮೂರು ವಾರ ಆತ್ರಿ, ಈ ಕಾಗದ ಹಿಡ್ಕಂಡು ಹಿಂದ ಬಿದ್ದಾಳ. ಮೆಕ್ಕಿಜ್ವಾಳದ ರೇಟು ಕೇಳಿದ್ರ ಬಿ.ಎ. ಅಂತಾಳ್ರಿ!”

“ಮಾವಾರ, ನೀವ ಹೂಂ ಅಂದೀರಿ,” ಎಂದಳು ಸೊಸೆ.

“ಅಂದೀನಿ ಬಿಡವ್ವಾ. ಅನ್ನದಿದ್ರ ಬಿಡ್ತಿದ್ದೇನು?”

ಆಕೆ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಮುತ್ತಿನಂಥ ಅಕ್ಷರ; ನಡುವೆ, ಹುಣ್ಣಿಮೆಯ ಚಂದ್ರನಷ್ಟು ದುಂಡಗೆ, ನನ್ನ ಬಸಿಯ ಕಲೆ. ಕಲೆ ಬಿದ್ದ ಅರ್ಜಿಯನ್ನು ಸ್ವೀಕರಿಸಬಾರದೆಂಬುದು ನಾನೇ ಬರೆದು ಸೂಚನಾಫಲಕಕ್ಕೆ ಅಂಟಿಸಿದ ನಿಯಮ. ಆದರೆ ಕಲಾ ವಿಭಾಗವೇ ಕಲೆಯನ್ನು ನಿರಾಕರಿಸಿದರೆ ಹೇಗೆ? ಇಪ್ಪತ್ತನೆಯ ಹೆಸರನ್ನು ಬರೆದು, ಅದರಡಿ ಅಗತ್ಯಕ್ಕಿಂತ ದಪ್ಪವಾದ ಗೆರೆ ಎಳೆದೆ. ವಿಭಾಗ ಉಳಿಯಿತು! ಪಾಳೆಯಗಾರರ ಕೋಟೆಯ ಮೇಲೆ ಬಾವುಟ ಏರಿಸಿದವನಿಗೂ ಎದೆ ಅಷ್ಟು ಉಬ್ಬಿರಲಾರದು.

ವಿಜಯೋತ್ಸವ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಸೇಡೆಂಬುದೂ ಒಂದು ಶಾಸ್ತ್ರ. ಹುಲುಗಪ್ಪನಿಂದ ಒಂದೇ ಒಂದು ಚಹಾ ತರಿಸಿ, ಕಪ್ಪನ್ನು ನೀಲಮ್ಮನ ಮುಂದೆ, ಬಸಿಯನ್ನು ಮಾವನ ಮುಂದೆ ಇಟ್ಟು, ಆ ಮುಖ ಬಾಡುವುದನ್ನು ನೋಡಲು ಕನ್ನಡಕ ಸರಿಪಡಿಸಿಕೊಂಡೆ. ಅವರು ಬಸಿಯನ್ನು ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದು ಹೀರಿ, ಮುಖವರಳಿಸಿದರು.

“ಆಹಾ, ಈಗ ನಮ್ಮೋರಾದ್ರಿ ನೋಡ್ರಿ ಮೇಷ್ಟ್ರ! ಕಪ್ಪು ಏನಿದ್ರೂ ಹೊರಗಿನೋರಿಗೆ, ಬಸಿ ಮನಿ ಮಂದಿಗೆ. ಅವತ್ತು ದಾವಣಗೆರಿಯೋರಿಗೆ ಕಪ್ಪು ಕೊಟ್ಟು ಕಳಿಸಿದ್ದು ಮತ್ಯಾಕಂತೀರಿ?”

ಅದು ಅವರ ಮನೆಯ ನಿಜವಾದ ರೂಢಿಯೋ, ವ್ಯಾಪಾರಿಯ ಪ್ರತ್ಯುತ್ಪನ್ನಮತಿಯೋ, ಇಂದಿಗೂ ನಿರ್ಧರಿಸಲಾರೆ. ಮೂರು ವಾರ ಜತನವಾಗಿ ಸಾಕಿದ ಅವಮಾನವನ್ನು ಒಂದು ಗುಟುಕಿಗೆ ಬಿಟ್ಟುಕೊಡುವ ಔದಾರ್ಯ ನನಗಿಲ್ಲ. ಆದುದರಿಂದ ಅದನ್ನು ಅಳಿಸಲಿಲ್ಲ, ಇತಿಹಾಸಕಾರನಿಗೆ ತಕ್ಕಂತೆ ಒಂದು ಅಡಿಟಿಪ್ಪಣಿ ಸೇರಿಸಿದೆ. ಕೊಟ್ಟದ್ದು ಯಾವ ಪಾತ್ರೆಯಲ್ಲಿ ಎಂಬುದನ್ನು ಅಷ್ಟು ನಿಖರವಾಗಿ ಗಮನಿಸಿದವನು, ಕೊಟ್ಟವರ ಮನಸ್ಸಿನಲ್ಲಿ ಏನಿತ್ತೆಂದು ಒಮ್ಮೆ ಕೇಳಬಹುದಿತ್ತಲ್ಲ!

ನೀಲಮ್ಮ ಈಗ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಸತ್ತ ರಾಜರು ಎದ್ದು ಬಂದು ನೌಕರಿ ಕೊಟ್ಟೇ ಬಿಟ್ಟರು. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಗುರುಗಳೆಂಬ ಗೌರವದಿಂದ, ಚಿನ್ನದಂಚಿನ ಕಪ್ಪನ್ನು ಬಸಿಯಿಲ್ಲದೆ ನನ್ನ ಮುಂದಿಟ್ಟಳು. ನನಗೆ ಮತ್ತೆ ಸಿಟ್ಟು ಬಂತು.

“ಯಾಕವ್ವಾ,” ಎಂದೆ, “ನಾನೇನು ದಾವಣಗೆರಿಯಿಂದ ಬಂದೀನೇನು?”