ಅವ್ವನನ್ನು ಹೆದರಿಸಿದ್ದು

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ತೆಂಗಿನಕಾಯಿ ಸುಲಿದು, ಕೊಬ್ಬರಿ ಒಡೆದು ಸ್ವಂತ ಮನೆ ಕಟ್ಟಿಸಿದ್ದೇನೆ. ಮಾತಿನಲ್ಲೂ ಯಾರಿಗೂ ಸೋತವನಲ್ಲ. ಎದುರಿನವರು ಒಪ್ಪದಿದ್ದರೆ ಸ್ವಲ್ಪ ಹೆದರಿಸುತ್ತಿದ್ದೆ. ಬೇಗ ದಾರಿಗೆ ಬರುತ್ತಿದ್ದರು.

ಅವ್ವನಿಗೆ ಸಕ್ಕರೆ ಕಾಯಿಲೆ. ಬರಿಗಾಲಲ್ಲಿ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರು. ನಮ್ಮ ಅಂಗಳದ ತುಂಬಾ ಕರಟದ ಚೂರುಗಳು. ಆದರೆ ಕಾಯಿ ರಾಶಿಯ ಹತ್ತಿರ ಅವ್ವ ಚಪ್ಪಲಿ ಹಾಕುವವಳಲ್ಲ.

"ಅನ್ನ ಕೊಡೋ ಕಾಯಿ ಕಣ್ಲಾ, ಅದರ ಮುಂದೆ ಮೆಟ್ಟು ಹಾಕ್ಕೊಂಡು ಮೆರೀಲಾ?"

ಹೇಳಿ ಹೇಳಿ ಸಾಕಾಗಿ ಒಂದು ದಿನ ಅಂದೆ: "ಹೊನ್ನವಳ್ಳೀಲಿ ಒಬ್ಬನಿಗೆ ಇಷ್ಟೇ ಇಷ್ಟು ಗಾಯ ಆಗಿತ್ತು ಕಣವ್ವ. ಆಸ್ಪತ್ರೇಲಿ ಮಂಡಿ ತನಕ ಕುಯ್ದು ಕಳಿಸಿದ್ರು."

ಅಂಥವನು ಯಾರೂ ಇರಲಿಲ್ಲ. ಅವ್ವ ತನ್ನ ಕಾಲು ನೋಡಿಕೊಂಡಳು. ಮಾರನೇ ದಿನ ಚಪ್ಪಲಿ ಹಾಕಿಕೊಂಡಳು. ಗೆದ್ದೆ ಅಂದುಕೊಂಡೆ.

ತಿಂಗಳ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಬಂದಳು. "ಅತ್ತೆ ಕಾಲಿಗೆ ಬಟ್ಟೆ ಸುತ್ಕೊಂಡವ್ರೆ ಕಣ್ರೀ. ಸೀರೇಲಿ ಮುಚ್ಕೊಂತಾರೆ. ಹತ್ರ ಹೋದ್ರೆ ವಾಸನೆ."

ಬಿಚ್ಚಿ ನೋಡಿದರೆ ಕಿರುಬೆರಳ ಬುಡದಲ್ಲಿ ಕರಟ ಕೊಯ್ದ ಗಾಯ, ಕೀವು ತುಂಬಿತ್ತು. ಹತ್ತು ದಿನದ ಹಿಂದೆ ಒಂದು ಗಳಿಗೆ ಚಪ್ಪಲಿ ಬಿಟ್ಟು ಕಾಯಿ ಆರಿಸಲು ಹೋಗಿದ್ದಳಂತೆ.

"ಯಾಕವ್ವ ಹೇಳ್ಲಿಲ್ಲ?"

"ಹೇಳಿದ್ರೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ. ಅಲ್ಲಿ ಕುಯ್ಯಲ್ವೇನ್ಲಾ?"

ನಾನು ಹೆದರಿಸಿದವರು ಒಪ್ಪಿ ಸುಮ್ಮನಾದರೋ, ಬರೀ ಬಾಯಿ ಮುಚ್ಚಿಕೊಂಡರೋ ಎಂದು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದರೆ ಅವ್ವ ಮಂಚ ಬಿಟ್ಟು ಏಳಲಿಲ್ಲ. ಬರದಿದ್ದರೆ ಜೀವವೇ ಹೋಗುತ್ತೆ ಎನ್ನುವುದು ನಾಲಿಗೆ ತುದಿಗೆ ಬಂತು. ಅದು ಸುಳ್ಳೂ ಅಲ್ಲ. ಆದರೆ ಅವಳ ಮುಖ ನೋಡಿ ನುಂಗಿಕೊಂಡೆ. ನೆಲದ ಮೇಲೆ ಕೂತೆ.

"ಆ ಹೊನ್ನವಳ್ಳಿಯವನ ಕಥೆ ಸುಳ್ಳು ಕಣವ್ವ. ನಾನೇ ಕಟ್ಟಿದ್ದು."

ಹೆಂಡತಿ ಎದುರಿಗೆ ಇಷ್ಟು ಒಪ್ಪಿಕೊಳ್ಳುವುದೂ ನನಗೆ ಕಷ್ಟವಾಯಿತು.

"ಥೂ ನಿನ್ನ! ಹತ್ತು ದಿನದಿಂದ ನಿದ್ದೆಗೆಟ್ಟು ಕಾಲು ಸವರ್ಕೊಂಡು ಕೂತಿದೀನಿ. ಈಗ ಹೇಳೋದನ್ನ ಹೆಂಗ್ಲಾ ನಂಬ್ಲಿ?"

"ನಂಬಬ್ಯಾಡ ಬುಡು. ಕುಯ್ತಾರೋ ಇಲ್ವೋ ನಂಗೂ ಗೊತ್ತಿಲ್ಲ. ಡಾಕ್ಟ್ರನ್ನೇ ಕೇಳಾಣ. ನಾನು ಜೊತೇಲಿರ್ತೀನಿ."

ಅವ್ವ ಹೆಂಡತಿಯ ಕಡೆ ನೋಡಿದಳು. "ಇವನಿಗೂ ಗೊತ್ತಿಲ್ದೇ ಇರೋದು ಐತಂತೆ ಕಣೇ," ಎಂದಳು. ಆಮೇಲೆ ನಿಧಾನವಾಗಿ ಕಾಲು ಕೆಳಗಿಳಿಸಿ, "ಬೈಕ್ ಬ್ಯಾಡ, ಆಟೋ ಕರಿ," ಅಂದಳು.

ತಿಪಟೂರಿನ ಆಸ್ಪತ್ರೆಯಲ್ಲಿ ಕಾಲು ಉಳಿಯಿತು, ಕಿರುಬೆರಳು ಹೋಯಿತು. ಮೊದಲೇ ಬಂದಿದ್ದರೆ ಅದೂ ಉಳಿಯುತ್ತಿತ್ತಲ್ಲ ಎಂದು ಡಾಕ್ಟರು ಅವ್ವನನ್ನು ಗದರಿದರು. ಅವ್ವ ತಲೆ ತಗ್ಗಿಸಿದಳು. ಅವಳನ್ನು ಬೈಬೇಡಿ, ತಪ್ಪು ನನ್ನದು ಎಂದೆ.