ಹಬ್ಬುವಾಡದ ಜಾಝ್ ಮೆರವಣಿಗೆ

ನಮ್ಮ ಹಲ್ಲಿನ ಡಾಕ್ಟರಿಗೆ ಜಾಝ್ ಹುಚ್ಚು ಹಿಡಿದದ್ದು ಗೋವಾದಲ್ಲಿ ಓದುವಾಗ. ಹಲ್ಲು ಕೀಳುವುದರ ಜೊತೆಗೆ ಡ್ರಮ್ ಬಾರಿಸುವುದನ್ನೂ ಕಲಿತು ಬಂದಿದ್ದರು. ಕಾರವಾರದ ಹಬ್ಬುವಾಡದಲ್ಲಿ ಕ್ಲಿನಿಕ್ ತೆರೆದು ಎಷ್ಟೋ ವರ್ಷಗಳಾದ ಮೇಲೆ, ಒಂದು ದೀಪಾವಳಿ ಮುಗಿದದ್ದೇ, ರೋಗಿಗಳು ಕಾಯುವ ಕೋಣೆಯ ಗೋಡೆಗೆ ಒಂದು ಕಾಗದ ಅಂಟಿಸಿದರು: "ಪ್ರತಿ ಭಾನುವಾರ ಸಂಜೆ ಏಳಕ್ಕೆ ಇಲ್ಲಿಯೇ ಜಾಝ್ ಜಾಮ್. ವಾದ್ಯ ಇದ್ದವರು ವಾದ್ಯ ತನ್ನಿ. ಹಲ್ಲುನೋವು ಇದ್ದವರು ಸೋಮವಾರ ಬನ್ನಿ."

ಜಾಮ್ ಅಂದರೆ ಮೊದಲೇ ತಾಲೀಮು ಮಾಡದೆ, ಕಾಗದ ನೋಡದೆ, ಒಬ್ಬರು ಎತ್ತಿದ್ದನ್ನು ಇನ್ನೊಬ್ಬರು ಹಿಡಿದು ನುಡಿಸುತ್ತ ಹೋಗುವುದು ಎಂದು ಅವರು ನನಗೆ ವಿವರಿಸಿದ್ದರು. ಆಗ ನಾನು ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಮನೆಯಲ್ಲಿ ಮಗಳ ಹಳೆಯ ಕೀಬೋರ್ಡ್ ಇದೆಯೆಂದು ಅವರಿಗೆ ಗೊತ್ತಿತ್ತು. ದವಡೆ ಹಲ್ಲಿಗೆ ಸಿಮೆಂಟು ತುಂಬುತ್ತಿದ್ದುದರಿಂದ ನನಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಾಗೆ ಸೇರಿಕೊಂಡವನು ನಾನು. ಮುಂದಿನ ಐದಾರು ಭಾನುವಾರ ನಾವಿಬ್ಬರೇ ನುಡಿಸಿದೆವು. ಕೇಳಲು ಪ್ಲಾಸ್ಟಿಕ್ ಕುರ್ಚಿಗಳಿದ್ದವು.

ಮೂರನೆಯವರು ಸಿಕ್ಕಿದ್ದು ಹಲ್ಲಿನಿಂದಲೇ. ಅಂಕೋಲೆಯ ಹತ್ತಿರದ ಬೊಬ್ರುವಾಡದಿಂದ ಅರವತ್ತು ದಾಟಿದ ಒಬ್ಬರು ಮುಂದಿನ ಎರಡು ಹಲ್ಲು ಕಟ್ಟಿಸಲು ಬಂದಿದ್ದರು. ಗದ್ದೆ ಕೆಲಸದವರು, ಮದುವೆ ದಿನಗಳಲ್ಲಿ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವರು. ಹೊಸ ಹಲ್ಲು ವಾದ್ಯಕ್ಕೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಬೇಕೆಂದು ಕ್ಲಾರಿಯೋನೆಟ್ ಜೊತೆಗೇ ತಂದಿದ್ದರು. ಕ್ಲಿನಿಕ್ಕಿನ ಉದ್ದ ಜಗಲಿಯಲ್ಲಿ ಆಚೀಚೆ ಓಡಾಡುತ್ತ ಊದಿ ನೋಡಿದರಂತೆ. ಡಾಕ್ಟರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಹೊರಗೆ ಬಂದು ನಿಂತುಬಿಟ್ಟರು. ರಾತ್ರಿ ನನಗೆ ಫೋನು ಮಾಡಿ, "ಆ ಮನುಷ್ಯ ಸ್ವರವನ್ನು ಬಗ್ಗಿಸ್ತಾನೆ ಮಾರಾಯ್ರೆ, ಒದ್ದೆ ಬೆತ್ತ ಬಗ್ಗಿಸಿದ ಹಾಗೆ," ಎಂದರು. ಆಗ ಧನುರ್ಮಾಸ. ಮದುವೆಗಳಿಲ್ಲ, ಬ್ಯಾಂಡಿಗೆ ಕೆಲಸವಿಲ್ಲ. ಅವರು ಬರಲು ಒಪ್ಪಿದರು.

ಆ ಭಾನುವಾರ ವಿಪರೀತ ಚಳಿ. ಕಾರವಾರದಲ್ಲಿ ಚಳಿ ಎನ್ನುವಂಥದ್ದು ಬೀಳುವುದೇ ವರ್ಷಕ್ಕೆ ಕೆಲವು ದಿನ. ಅಷ್ಟಕ್ಕೇ ಊರೆಲ್ಲ ಮಂಕಿ ಟೋಪಿ ಹಾಕಿಕೊಂಡು ಓಡಾಡುತ್ತದೆ. ನನ್ನ ಹತ್ತಿರ ಸ್ವೆಟರ್ ಇರಲಿಲ್ಲ. ನನ್ನ ಮದುವೆಗೆ ಹೊಲಿಸಿದ ಕೋಟು ಇತ್ತು. ಜಾಝ್ ನುಡಿಸುವವರು ಕೋಟು ಹಾಕುತ್ತಾರೆಂದು ಡಾಕ್ಟರು ಎಂದೋ ಹೇಳಿದ್ದರು. ಹಾಕಿಕೊಂಡು ಹೋದೆ.

ಡಾಕ್ಟರು ಮೆಲ್ಲಗೆ ತಾಳ ಶುರು ಮಾಡಿದರು. ಮೂರು ಸ್ವರ ಒಟ್ಟಿಗೆ ಒತ್ತುವುದಕ್ಕೆ ಕಾರ್ಡ್ ಎನ್ನುತ್ತಾರೆ; ನಾನು ಗೊತ್ತಿದ್ದ ನಾಲ್ಕು ಕಾರ್ಡುಗಳಲ್ಲಿ ಒಂದನ್ನು ಒತ್ತಿ ಹಿಡಿದೆ. ಬೊಬ್ರುವಾಡದವರು ಕ್ಲಾರಿಯೋನೆಟ್ ಬಾಯಿಗಿಟ್ಟರು, ತೆಗೆದರು, ಮತ್ತೆ ಇಟ್ಟರು.

"ಆಗ್ತಾ ಇಲ್ಲ ಡಾಕ್ಟ್ರೆ."

"ಹಲ್ಲು ತಾಗ್ತದಾ?"

"ಹಲ್ಲು ಸಮಾ ಅದೆ. ಕಾಲಿಂದೇ ತಕರಾರು."

"ಕಾಲಿಗೆ ಎಂತಾಯ್ತು?"

"ನಲ್ವತ್ತು ವರ್ಷ ಮದಿಮಗನ ಮುಂದೆ ನಡೀತಾ ಊದಿದವ ನಾನು. ನಿಂತ್ಕಂಡು ಊದಿ ಗೊತ್ತಿಲ್ಲ. ಕೂತ್ರಂತೂ ಉಸ್ರೇ ಬರೂದಿಲ್ಲ."

ಹಾಗಾದರೆ ಇಲ್ಲೇ ನಡೆಯಿರಿ ಎಂದು ನಾವು ಕುರ್ಚಿಗಳನ್ನು ಗೋಡೆಗೆ ಒತ್ತರಿಸಿದೆವು. ಕೋಣೆಯ ಉದ್ದ ಐದು ಹೆಜ್ಜೆ. ಪ್ರತಿ ಸಲ ತಿರುಗುವಾಗಲೂ ರಾಗ ತುಂಡಾಗುತ್ತಿತ್ತು. ಜಗಲಿಯಲ್ಲಿ ನಡೆದರೆ ಅವರು ಆ ತುದಿಗೆ ಹೋದಾಗ ನಮಗೆ ಏನೂ ಕೇಳಿಸುತ್ತಿರಲಿಲ್ಲ.

ಇದನ್ನೆಲ್ಲ ನೋಡುತ್ತ ಮೂಲೆಯಲ್ಲಿ ಒಬ್ಬ ರಿಕ್ಷಾ ಡ್ರೈವರ್ ಕುಳಿತಿದ್ದ. ಮುಖಕ್ಕೆ ಮಫ್ಲರ್ ಸುತ್ತಿಕೊಂಡಿದ್ದ, ಕೆನ್ನೆ ಒಂದು ಕಡೆ ಬಾತಿತ್ತು. ಸೋಮವಾರದವರೆಗೆ ತಾನು ಬದುಕಿರುವುದಿಲ್ಲ ಎಂದು ಬಂದಿದ್ದವನಿಗೆ, ಒಂದು ಹಾಡು ಮುಗಿಯಲಿ ನೋಡುತ್ತೇನೆ ಎಂದು ಡಾಕ್ಟರು ಒಂದು ಗುಳಿಗೆ ಕೊಟ್ಟು ಕೂರಿಸಿದ್ದರು. ಹಾಡು ಶುರುವಾಗುವ ಲಕ್ಷಣವೇ ಕಾಣದ್ದರಿಂದ ಅವನು ಎದ್ದು ನಿಂತ.

"ನನ್ನ ರಿಕ್ಷಾ ಹೊರಗೆ ಅದೆ," ಎಂದ ಮಫ್ಲರಿನ ಒಳಗಿಂದ. "ಅವ್ರು ಮುಂದೆ ನಡೀಲಿ. ಈ ಪೇಟಿ ನುಡ್ಸೂವವ್ರು ಹಿಂದೆ ಕೂತ್ಕಳಿ. ಒಂದು ಸುತ್ತು ಹೋಗಿ ಬರ್ವಾ. ಆಮೇಲಾದ್ರೂ ನನ್ನ ಹಲ್ಲು ನೋಡಿ."

ಬೇರೆ ದಾರಿ ಇರಲಿಲ್ಲ. ಡಾಕ್ಟರು ಏಪ್ರನ್ನಿನ ಲಾಡಿಯಿಂದ ಸಣ್ಣ ಡ್ರಮ್ಮನ್ನು ಕುತ್ತಿಗೆಗೆ ತೂಗುಹಾಕಿಕೊಂಡರು. ನಾನು ಕೀಬೋರ್ಡಿಗೆ ಸೆಲ್ ಹಾಕಿ, ತೊಡೆಯ ಮೇಲಿಟ್ಟುಕೊಂಡು ರಿಕ್ಷಾದ ಹಿಂದಿನ ಸೀಟಿನಲ್ಲಿ ಕುಳಿತೆ. ಮುಂದೆ ಕ್ಲಾರಿಯೋನೆಟ್, ಅದರ ಹಿಂದೆ ಡ್ರಮ್, ಅದರ ಹಿಂದೆ ಮೊದಲ ಗೇರಿನಲ್ಲಿ ರಿಕ್ಷಾ. ಡ್ರೈವರ್ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದ, ಇನ್ನೊಂದರಲ್ಲಿ ಕೆನ್ನೆ.

ಹತ್ತು ಹೆಜ್ಜೆ ನಡೆದದ್ದೇ ಬೊಬ್ರುವಾಡದವರು ಬೇರೆಯೇ ಮನುಷ್ಯರಾದರು. ಮೊದಲು ಯಾವುದೋ ಮದುವೆ ಮೆರವಣಿಗೆಯ ಧಾಟಿಯೇ ಬಂತು. ಡಾಕ್ಟರು ತಾಳವನ್ನು ಸ್ವಲ್ಪ ಓರೆ ಮಾಡಿದರು. ಅವರು ತಿರುಗಿಯೂ ನೋಡದೆ ತಮ್ಮ ಧಾಟಿಯನ್ನೂ ಓರೆ ಮಾಡಿದರು. ನಾನು ಯಾವ ಕಾರ್ಡ್ ಎಂದು ಯೋಚಿಸುವುದನ್ನು ಬಿಟ್ಟೆ. ಚಳಿಗೆ ಬೆರಳು ಮರಗಟ್ಟಿದ್ದವು, ರಸ್ತೆಯ ಹೊಂಡಕ್ಕೆ ಕೈ ಎಲ್ಲೆಲ್ಲೋ ಬೀಳುತ್ತಿತ್ತು. ಬಿದ್ದಲ್ಲೆಲ್ಲ ಅವರು ಒಂದು ಸ್ವರ ತಂದು ಅದಕ್ಕೆ ಹೊಂದಿಸುತ್ತಿದ್ದರು. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲು ನುಡಿಸಿರಲಿಲ್ಲ, ಆಮೇಲೂ ನುಡಿಸಿಲ್ಲ.

ಅಷ್ಟರಲ್ಲಿ ಬಾಗಿಲುಗಳು ತೆರೆಯತೊಡಗಿದವು. ಜನ ಶಾಲು ಹೊದ್ದು ಗೇಟಿಗೆ ಬಂದರು. ನಮ್ಮ ಬೀದಿಯ ಹಿರಿಯ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುವ ಕೊಂಕಣಿ ಅಜ್ಜಿ, ರಿಕ್ಷಾಕ್ಕೇ ಅಡ್ಡ ನಿಂತರು.

"ಕೊಣಾಚೆ ಲಗ್ನ ರೆ?"

ಯಾರ ಮದುವೆಯೂ ಅಲ್ಲ ಬಾಯಿ, ಎಂದೆ. ಅವರು ಬಗ್ಗಿ ಒಳಗೆ ನೋಡಿದರು. ಕೋಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಒಬ್ಬನೇ ಕುಳಿತ ನಾನು ಅವರಿಗೆ ಕಂಡೆ. ಅವರ ಮುಖ ಗಂಭೀರವಾಯಿತು. ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದರು.

"ಧನುರ್ಮಾಸದಲ್ಲಿ? ಅಷ್ಟು ಅವಸರ ಎಂತದ್ದು?"

"ಬಾಯಿ, ನನಗೆ ಮದುವೆ ಆಗಿದೆ."

"ಅದು ಗೊತ್ತುಂಟು. ನಿನ್ನ ಹೆಂಡ್ತಿ ನಮ್ಮಲ್ಲಿಂದಲೇ ಹೆಪ್ಪು ತಕೊಂಡು ಹೋಗೂದು. ಅವಳು ಒಪ್ಪಿದ್ಲಾ?"

ಮುಂದೆ ಕ್ಲಾರಿಯೋನೆಟ್ ಮಾತ್ರ ನಿಂತಿರಲಿಲ್ಲ. ನಿಂತರೆ ಉಸಿರು ಬರುವುದಿಲ್ಲವೆಂದು ಬೊಬ್ರುವಾಡದವರು ಲೈಟುಕಂಬದ ಸುತ್ತ ಸುತ್ತು ಹಾಕುತ್ತಿದ್ದರು. ಬಾಯಿ ಒಳಗೆ ಹೋಗಿ ಆರತಿ ತಟ್ಟೆ ತಂದರು. ಮದುವೆ ಎಂಥದ್ದೇ ಇರಲಿ, ಬಾಗಿಲ ಮುಂದೆ ಬಂದ ಮದುಮಗನನ್ನು ಹಾಗೇ ಕಳಿಸುವ ಪದ್ಧತಿ ತಮ್ಮ ಮನೆಯಲ್ಲಿ ಇಲ್ಲ ಎಂದು ಸಿಟ್ಟಿನಲ್ಲೇ ಆರತಿ ಎತ್ತಿ, ಹಣೆಗೆ ಉದ್ದಕ್ಕೆ ಕುಂಕುಮ ಎಳೆದರು.

ಆಮೇಲೆ ಇಡೀ ಬೀದಿ ನಮ್ಮ ಹಿಂದೆ ನಡೆಯತೊಡಗಿತು. ಸಂಗೀತಕ್ಕಾಗಿ ಬಂದವರು ಯಾರೂ ಇರಲಿಲ್ಲ. ಮುಂದಿನ ತಿರುವಿನಲ್ಲಿ ನನ್ನ ಮನೆ, ಅಲ್ಲಿ ಏನಾಗುತ್ತದೆಂದು ನೋಡಬೇಕಾಗಿತ್ತು ಅವರಿಗೆ. ರಿಕ್ಷಾ ತಿರುಗಿಸೋ ಎಂದು ಡ್ರೈವರನಿಗೆ ಪಿಸುಗುಟ್ಟಿದೆ. ಹಿಂದೆ ಜನ ಇದ್ದಾರೆ, ಹೇಗೆ ತಿರುಗಿಸುವುದು ಎಂದು ಅವನು ಕೈಸನ್ನೆ ಮಾಡಿದ.

ಹೆಂಡತಿ ಗೇಟಿನಲ್ಲೇ ನಿಂತಿದ್ದಳು. ರಿಕ್ಷಾ ನಿಂತಿತು. ಅವಳು ನನ್ನ ಕೋಟು ನೋಡಿದಳು, ಹಣೆ ನೋಡಿದಳು, ಹಿಂದಿನ ಜನರನ್ನು ನೋಡಿದಳು.

"ಹೆಣ್ಣು ಎಲ್ಲಿ?"

"ಹೆಣ್ಣಿಲ್ಲ. ಇದು ಜಾಝ್."

ಅವಳು ಅಂಗಳದ ಕಡೆ ತಿರುಗಿದಳು. ಬೊಬ್ರುವಾಡದವರು ಆಗಲೇ ಒಳಗೆ ಹೋಗಿ ನಮ್ಮ ಬಾವಿಯ ಸುತ್ತ ನಡೆಯುತ್ತ ಊದುತ್ತಿದ್ದರು. ಡಾಕ್ಟರು ಕಣ್ಣು ಮುಚ್ಚಿಕೊಂಡು ಅವರ ಹಿಂದೆ ಹೋಗಿ ಎರಡು ಸಲ ತುಳಸಿಕಟ್ಟೆಗೆ ಕಾಲು ತಾಗಿಸಿಕೊಂಡರು.

"ಇಷ್ಟು ಜನಕ್ಕೆ ಊಟ ಆಗೂದಿಲ್ಲ," ಎಂದಳು. "ಕಷಾಯ ಮಾಡ್ತೆ. ಹಾಲು ಮಾತ್ರ ಬಾಯಿ ಮನೆಯಿಂದ ತರಬೇಕು."

ಕಷಾಯ ಕುಡಿದ ಮೇಲೆ ಜನ ತುಸು ನಿರಾಶೆಯಿಂದಲೇ ಚದುರಿದರು. ಬೊಬ್ರುವಾಡದವರು ಅಂಕೋಲೆ ಬಸ್ಸಿಗೆ ಹೊರಟರು. "ಒಳ್ಳೇ ಮದಿ ಆಯ್ತು ಡಾಕ್ಟ್ರೆ," ಎಂದು ಹೇಳಿ ಹೋದರು. ಅವರಿಗೂ ಕೊನೆಯವರೆಗೆ ಅದು ಮದುವೆಯೇ ಆಗಿತ್ತೇನೋ. ಡಾಕ್ಟರು ಡ್ರೈವರನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಅವನ ಹಲ್ಲು ಕಿತ್ತರು.

ಸೋಮವಾರ ಕಚೇರಿಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ನನ್ನದು ಸರ್ಕಾರಿ ನೌಕರಿ. ಸಾಹೇಬರು ಒಳಗೆ ಕರೆದು, ನಡತೆ ನಿಯಮಗಳ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. ಹೆಂಡತಿ ಇರುವಾಗ ನೌಕರ ಇನ್ನೊಂದು ಮದುವೆಯಾಗುವಂತಿಲ್ಲ. ಲಿಖಿತ ಸಮಜಾಯಿಷಿ ಕೊಡಿ ಎಂದರು. "ಸದರಿ ಸಂಜೆ ನಾನು ಮದುವೆಯಾಗಿರುವುದಿಲ್ಲ, ಜಾಝ್ ನುಡಿಸಿರುತ್ತೇನೆ," ಎಂದು ಬರೆದೆ. ಊಟಕ್ಕೆ ಮನೆಗೆ ಹೋದಾಗ ಕೆಳಗೆ ಹೆಂಡತಿಯಿಂದಲೂ ಸಹಿ ಹಾಕಿಸಿ ತಂದು ಕೊಟ್ಟೆ.

ಮರುದಿನ ಅದು ಅಂಚಿನಲ್ಲಿ ಟಿಪ್ಪಣಿಯೊಂದಿಗೆ ವಾಪಸು ಬಂತು: "ಜಾಝ್ ಎಂದರೇನು? ಸ್ಪಷ್ಟಪಡಿಸಿ."

ಡಾಕ್ಟರು ಉತ್ಸಾಹದಿಂದ ಎರಡು ಪುಟ ಬರೆದುಕೊಟ್ಟರು. ಸಾಹೇಬರು ಅದನ್ನು ಎರಡು ಸಲ ಓದಿ ನನ್ನನ್ನು ಕರೆದರು.

"ಇದ್ರಲ್ಲಿ ದೇವರ ಹೆಸರು ಬರ್ತದಾ?"

"ಯಾರ ಹೆಸರೂ ಬರೂದಿಲ್ಲ ಸರ್. ಹಾಡೇ ಇಲ್ಲ, ಬರೇ ವಾದ್ಯ."

"ಆರತಿ ಆಗಿದೆಯಲ್ಲ?"

"ಆಗಿದೆ ಸರ್."

ಅವರು ಪೆನ್ನು ತೆಗೆದು, "ಭಜನೆಯ ಸ್ವರೂಪದ ಕಾರ್ಯಕ್ರಮ" ಎಂದು ಬರೆದು, ಕಡತ ಮುಕ್ತಾಯ ಮಾಡಿ ಸಹಿ ಹಾಕಿದರು. ನಾನು ಬಾಗಿಲವರೆಗೆ ಹೋದಾಗ, ಕಾಲೇಜಿನಲ್ಲಿದ್ದಾಗ ತಾವು ಬುಲ್‌ಬುಲ್ ನುಡಿಸುತ್ತಿದ್ದುದಾಗಿ ಹೇಳಿದರು. ಎರಡು ತಂತಿ ಹರಿದು ಈಗ ಅಟ್ಟದ ಮೇಲಿದೆಯಂತೆ. ತಂತಿ ಪೇಟೆಯಲ್ಲಿ ಸಿಗುತ್ತದೆ ಸರ್, ಎಂದೆ. ಅವರು ಇನ್ನೊಂದು ಕಡತ ತೆರೆದುಕೊಂಡರು.